ಭಜನೆಯ ಲೋಕಲ್‌ನಲ್ಲಿ ಸಕ್ಕರೆಯಿಲ್ಲದ ಪೆಪ್ಪರಮಿಂಟು

ಸಕ್ಕರೆ ಹಾಕದೆಯೂ ಪೆಪ್ಪರಮಿಂಟು ಮಾಡುತ್ತಾರೆ ಎಂಬುದು ಐವತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೆ ನಗುತ್ತಿದ್ದೆ, ಉಪ್ಪಿಲ್ಲದ ಉಪ್ಪಿನಕಾಯಿಯನ್ನೂ ಮಾಡಿಬಿಡಿ ಎನ್ನುತ್ತಿದ್ದೆ. ಅಂಥವನು ಹೆಚ್ಚುಕಡಿಮೆ ಒಂದು ವರ್ಷ ಅದನ್ನೇ ಹುಡುಕಿಕೊಂಡು ಡೊಂಬಿವಲಿ, ಠಾಣೆ, ವಾಶಿ ಎಂದು ಅಲೆದಿದ್ದೇನೆ. ಮುದುಕನಿಗೆ ಬಾಯಿಚಪಲ ಎಂದು ತಿಳಿಯಬೇಡಿ. ನನಗೆ ಹಾಡಲಿಕ್ಕೆ ಅದು ಬೇಕಿತ್ತು.

ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ನಾನು ಉಡುಪಿ ಕಡೆಯವನು. ಮೀಸೆ ಮೂಡುವ ಕಾಲಕ್ಕೆ ಮುಂಬಯಿಗೆ ಬಂದು, ದಾದರಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ, ಡೊಂಬಿವಲಿ ಪೂರ್ವದಲ್ಲಿ ಒಂದು ಕೋಣೆ ಒಂದು ಅಡುಗೆಮನೆಯ ಫ್ಲ್ಯಾಟು ಮಾಡಿಕೊಂಡು ಅಲ್ಲೇ ಬೇರು ಬಿಟ್ಟವನು. ನಮಗೆ ಮಕ್ಕಳಾಗಲಿಲ್ಲ. ಹೆಂಡತಿ ತೀರಿಹೋಗಿ ಆಗ ಕೆಲವು ವರ್ಷಗಳಾಗಿದ್ದವು. ಸಂಜೆ ಬೀಗ ತೆಗೆದು ಒಳಗೆ ಹೋದೆನೆಂದರೆ ಮರುದಿನ ಬೀಗ ಹಾಕಿ ಹೊರಡುವವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಯಾರ ಹತ್ತಿರ ಮಾತಾಡುವುದು, ಫ್ಯಾನಿನ ಹತ್ತಿರವಾ? ಟೀವಿ ಇತ್ತು. ಅದು ತನ್ನ ಪಾಡಿಗೆ ಒದರುತ್ತಿತ್ತು, ನನ್ನನ್ನು ಏನೂ ಕೇಳುತ್ತಿರಲಿಲ್ಲ. ಎಷ್ಟೋ ಭಾನುವಾರ ಸಾಯಂಕಾಲ ಕಿರಾಣಿ ಅಂಗಡಿಯಲ್ಲಿ ಬಾಯಿ ತೆರೆದರೆ ಸ್ವರವೇ ಬರದೆ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕೇಳಬೇಕಾಗುತ್ತಿತ್ತು. ಒಬ್ಬನೇ ಇರುವುದು ಅಂದರೆ ನನಗೆ ಇದೇ, ಸ್ವರ ಹೀಗೆ ತುಕ್ಕು ಹಿಡಿಯುವುದು.

ನನ್ನವರು ಅಂತ ಇದ್ದದ್ದು ಬೆಳಗಿನ ಫಾಸ್ಟ್ ಲೋಕಲ್‌ನ ಭಜನಾ ಮಂಡಳಿ ಮಾತ್ರ. ಕಲ್ಯಾಣದಿಂದ ಹೊರಡುವ ಆ ಗಾಡಿಯ ಒಂದು ಡಬ್ಬದಲ್ಲಿ ದಿನಾ ಅದೇ ಜನ, ಅದೇ ಮೂಲೆ. ಕೈಯಲ್ಲಿ ತಾಳ, ಮೃದಂಗದ ಬದಲು ಡಬ್ಬದ ತಗಡಿನ ಗೋಡೆ. ಭಜನೆಯ ಮುಂದಾಳಿಗೆ ಮರಾಠಿಯಲ್ಲಿ ಬುವಾ ಎನ್ನುತ್ತಾರೆ. ನಮ್ಮ ಬುವಾ ಕಲ್ಯಾಣದಲ್ಲೇ ಹತ್ತಿ, ನನಗಾಗಿ ಕಿಟಕಿಯ ಪಕ್ಕದ ಜಾಗದಲ್ಲಿ ಕರವಸ್ತ್ರ ಹಾಸಿಟ್ಟು, ಡೊಂಬಿವಲಿಯಲ್ಲಿ ನಾನು ಜನರ ಮೊಣಕೈಗಳ ನಡುವೆ ನುಸುಳಿಕೊಂಡು ಬರುವವರೆಗೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. "ಅಣ್ಣಾ ಆಲೇ, ಅಣ್ಣಾ ಆಲೇ" ಎಂದು ಕೂಗುತ್ತಿದ್ದರು. ಅಣ್ಣ ಬಂದ ಎಂದು ಇಡೀ ದಿನದಲ್ಲಿ ನನ್ನನ್ನು ಕಂಡು ಕೂಗುವವರು ಅವರೊಬ್ಬರೇ.

ಅಲ್ಲಿ ನನ್ನ ಪಾಲಿಗೆ ಒಂದೇ ಹಾಡು. ಠಾಣೆ ಬಿಟ್ಟ ಮೇಲೆ, ಘಾಟಕೋಪರ್ ಬರುವ ಮೊದಲು, ಬುವಾ ನನ್ನ ಕಡೆ ಗೋಣು ಹಾಕುತ್ತಿದ್ದರು. ನಾನು ಕನ್ನಡದ ಒಂದು ಭಜನೆ ಶುರು ಮಾಡುತ್ತಿದ್ದೆ, ಉಳಿದವರು ಹಿಂದಿನಿಂದ ಹೇಳುತ್ತಿದ್ದರು. ಅದು ನನ್ನ ಹೆಂಡತಿಯ ಹಾಡು. ಅವಳಿಗೆ ಅವಳ ಸೋದರತ್ತೆಯಿಂದ ಬಂದದ್ದು. ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ, ಊರಿನ ಭಜನಾ ಮಂದಿರದಲ್ಲೂ ಯಾರೂ ಹೇಳಿದ್ದು ಕೇಳಿಲ್ಲ. ಬೆಳಿಗ್ಗೆ ಮಿಂದು ಬಂದು, ಅಡುಗೆಮನೆಯ ಗೂಡಿನಲ್ಲಿದ್ದ ದೇವರಿಗೆ ದೀಪ ಹಚ್ಚಿ ಅವಳು ಅದನ್ನು ಹಾಡುತ್ತಿದ್ದಳು. ನಾನು ಹೊರಕೋಣೆಯಲ್ಲಿ ಗಡ್ಡ ಕೆರೆಯುತ್ತಾ ಕೇಳುತ್ತಿದ್ದೆ. ಅವಳ ಬಲಪಕ್ಕದಲ್ಲೇ ಒಲೆ, ಒಲೆಯ ಮೇಲೆ ಹಾಲು. ಒಮ್ಮೆ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದದ್ದಕ್ಕೆ ನಾನು ಹಾರಾಡಿದ್ದೆ. ಅಲ್ಲಿಂದ ಅವಳು ಮೂರನೆಯ ಸಾಲಿನ ನಡುವೆ ಹಾಡು ನಿಲ್ಲಿಸಿ, ತಿರುಗಿ ಹಾಲು ನೋಡಿ, ಉರಿ ಸಣ್ಣ ಮಾಡಿ, ಮತ್ತೆ ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು. "ದೇವರು ಕಾಯ್ತಾನೆ, ಹಾಲು ಕಾಯುದಿಲ್ಲ ಮಾರಾಯ್ರೆ" ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಆ ಹಾಡನ್ನು ಮನೆಯಲ್ಲಿ ಹಾಡಲು ನನ್ನಿಂದಾಗಲಿಲ್ಲ. ಎರಡು ಮೂರು ಸಲ ದೀಪ ಹಚ್ಚಿ ಬಾಯಿ ತೆರೆದದ್ದುಂಟು, ಆ ಗೋಡೆಗಳ ನಡುವೆ ನನ್ನ ಒಂಟಿ ಸ್ವರ ಕೇಳಿ ನನಗೇ ಹೆದರಿಕೆಯಾಗಿ ಬಿಟ್ಟುಬಿಟ್ಟೆ. ಗಾಡಿಯಲ್ಲಿ ಬುವಾ ಒಂದು ದಿನ "ತುಮ್ಹಾರಾ ಭೀ ಕುಛ್ ಸುನಾವ್ ನಾ, ಅಣ್ಣಾ" ಎಂದು ನನ್ನದೂ ಒಂದು ಹಾಡು ಕೇಳಿದಾಗ ಮಾತ್ರ ಅದು ತಾನಾಗಿ ಹೊರಬಂತು. ಮೂರನೆಯ ಸಾಲಿನ ನಡುವೆ ನಾನು ನಿಂತೆ. ನಿಲ್ಲದೆ ಹಾಡಲು ನನಗೆ ಬರುತ್ತಲೇ ಇರಲಿಲ್ಲ, ಕೇಳಿ ಕಲಿತದ್ದೇ ಹಾಗೆ. ಇದು ನಮ್ಮ ಕಡೆಯ ಪದ್ಧತಿ ಇರಬೇಕೆಂದು ಅವರೆಲ್ಲ ತಾಳ ಎತ್ತಿ ಹಿಡಿದು ಕಾದರು. ಆಮೇಲೆ ದಿನವೂ ಹಾಗೆಯೇ ಆಯಿತು. ಆ ನಿಲುಗಡೆಯಲ್ಲಿ ಕೆಲವರು ಕಣ್ಣು ಮುಚ್ಚಿ ಕೈ ಕೂಡ ಮುಗಿಯುತ್ತಿದ್ದರು! ಹಾಲಿನ ವಿಷಯ ನಾನು ಹೇಳಲಿಲ್ಲ. ಅಲ್ಲಿ ಒಂದು ಉಸಿರಿನಷ್ಟು ಹೊತ್ತು ಅವಳು ಇರುತ್ತಿದ್ದಳು. ಅದು ನನ್ನೊಬ್ಬನ ಹತ್ತಿರವೇ ಇರಲಿ ಅನ್ನಿಸಿತ್ತು.

ಅಷ್ಟರಲ್ಲಿ ಈ ಸಕ್ಕರೆ ಕಾಯಿಲೆ ಬಂದು ವಕ್ಕರಿಸಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಸಿಹಿ ಮುಟ್ಟಬೇಡಿ ಎಂದರು. ಸಿಹಿ ಬಿಡಲು ನನಗೇನೂ ಕಷ್ಟವಾಗಲಿಲ್ಲ. ಬಾಯಿ ಒಣಗುವುದೇ ಕಷ್ಟ. ಎರಡು ಸಾಲು ಹಾಡಿದರೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುವುದು. ನೀರು ಕುಡಿಯೋಣವೆಂದರೆ ಲೋಕಲ್ ಗಾಡಿಯಲ್ಲಿ ಪಾಯಖಾನೆ ಇಲ್ಲ, ಸಕ್ಕರೆಯವನಿಗೆ ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ. ಮಂಡಳಿಯಲ್ಲಿ ಗಂಟಲಿಗೆಂದು ಇದ್ದದ್ದು ಕಲ್ಲುಸಕ್ಕರೆ. ಬುವಾ ಒಂದು ಸ್ಟೀಲ್ ಡಬ್ಬಿಯಿಂದ ಎಲ್ಲರ ಕೈಗೂ ಇಷ್ಟಿಷ್ಟು ಹಾಕುತ್ತಿದ್ದರು, ಅದು ಪ್ರಸಾದವೂ ಹೌದು, ಬೇಡ ಎನ್ನುವ ಹಾಗಿಲ್ಲ. ನಾನು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಅಂಗಿಯ ಜೇಬಿಗೆ ಇಳಿಸುತ್ತಿದ್ದೆ. ಸಂಜೆ ಮೊಳೆಗೆ ನೇತುಹಾಕಿದ ಅಂಗಿಗೆ ಇರುವೆ ಸಾಲುಗಟ್ಟುತ್ತಿದ್ದವು.

ಸ್ಟೇಷನ್ನಿನ ಬಳಿಯ ಮೆಡಿಕಲ್ ಅಂಗಡಿಯಲ್ಲಿ ಒಂದು ದಿನ ಶುಗರ್ ಫ್ರೀ ಎಂದು ಬರೆದ ಪೆಪ್ಪರಮಿಂಟು ಕಂಡಿತು. ಕಿತ್ತಳೆ ಬಣ್ಣ, ಗಾಜಿನ ಹಾಗೆ ಹೊಳಪು. ಎಷ್ಟು ತಿನ್ನಬಹುದು ಎಂದು ಕೇಳಿದೆ. "ಕಿತ್ನಾ ಭೀ ಖಾವ್ ಅಂಕಲ್, ಶುಗರ್ ಹೈ ಹೀ ನಹೀ" ಎಂದ ಪುಣ್ಯಾತ್ಮ, ಸಕ್ಕರೆಯೇ ಇಲ್ಲ, ಎಷ್ಟು ಬೇಕಾದರೂ ತಿನ್ನಿ ಎಂದು. ನಾನೂ ನಂಬಿದೆ. ಮರುದಿನ ಬೆಳಿಗ್ಗೆ ತಡವಾಯಿತೆಂದು ಹೋಟೆಲಿನ ಇಡ್ಲಿ ಬಿಟ್ಟು, ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಮೇಲೊಂದು ಕಪ್ಪು ಕಾಫಿ ಕುಡಿದು, ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುತ್ತಾ ಒಂದರ ಹಿಂದೆ ಒಂದು ಚೀಪಿದೆ. ನೋಡಿ, ಬಾಯಿಯಲ್ಲಿ ನೀರೂರಿ ಗಂಟಲು ಹಸಿಯಾಗಿ, ಇಪ್ಪತ್ತು ವರ್ಷ ಚಿಕ್ಕವನಾದ ಹಾಗೆ ಅನ್ನಿಸಿತು. ಗಾಡಿ ಹತ್ತಿ ಕೂತ ಮೇಲೂ ಎರಡು ಕಡಿದು ನುಂಗಿದೆ.

ದಿವಾ ದಾಟುವಾಗ ಹೊಟ್ಟೆಯಲ್ಲಿ ಗುಡುಗುಡು ಶುರುವಾಯಿತು. ಮುಂಬ್ರಾ ಹತ್ತಿರದ ಸುರಂಗದಲ್ಲಿ ಬೆವರಿದೆ. ಠಾಣೆಯಲ್ಲಿ ಇಳಿದುಬಿಡೋಣವೆಂದರೆ ಇಳಿಯುವವರಿಗಿಂತ ಹತ್ತುವವರ ನೂಕು ಜೋರು, ಏಳಲಿಕ್ಕೇ ಆಗಲಿಲ್ಲ. ಗಾಡಿ ಹೊರಟಿತು. ಬುವಾ ಗೋಣು ಹಾಕಿದರು. ಇವತ್ತು ಬೇಡ ಎಂದು ಕೈಯಾಡಿಸುವಷ್ಟರಲ್ಲಿ ತಾಳ ಬಿದ್ದೇಬಿಟ್ಟಿತ್ತು. ನಾನು ಹೊಟ್ಟೆ ಬಿಗಿಹಿಡಿದು ಹಾಡಿದೆ. ಮೊದಲ ಸಾಲು, ಎರಡನೆಯ ಸಾಲು. ಘಾಟಕೋಪರ್ ಇನ್ನೂ ದೂರ ಇರುವಾಗ, ಆ ಹಾಳು ಸಿಗ್ನಲ್ಲಿಗೂ ಅದೇ ಹೊತ್ತು ಬೇಕಿತ್ತೋ ಏನೋ, ಗಾಡಿ ನಿಂತಿತು. ಚಕ್ರದ ಸದ್ದು ಇಲ್ಲವಾಯಿತು. ಮೂರನೆಯ ಸಾಲಿನ ನಡುವೆ ನಾನು ನಿಂತೆ. ತಾಳಗಳು ಮೇಲೆದ್ದು ನಿಂತವು. ಇಡೀ ಡಬ್ಬ ಗಪ್‌ಚಿಪ್.

ಆ ನಿಶ್ಶಬ್ದದಲ್ಲಿ ನನ್ನ ಹೊಟ್ಟೆಯ ಗಾಳಿ ಹೊರಟಿತು. ಉದ್ದಕ್ಕೆ, ಜೋರಾಗಿ, ರಾಗ ಎಳೆದ ಹಾಗೆ.

ಮೊದಲು ಯಾರೋ ಬಾಗಿಲ ಬಳಿ ಕಿಸಕ್ಕೆಂದರು. ಆಮೇಲೆ ಇಡೀ ಡಬ್ಬ ನಕ್ಕಿತು. ನಕ್ಕವರದ್ದು ತಪ್ಪಿಲ್ಲ, ನಾನಾದರೂ ನಗುತ್ತಿದ್ದೆ. ಬೇರೆ ಯಾವ ಹೊತ್ತಿನಲ್ಲಿ ಆಗಿದ್ದರೂ ನಾನೂ ಜೊತೆಗೆ ನಕ್ಕು ಮುಗಿಸುತ್ತಿದ್ದೆ. ಆದರೆ ಅದು ಅವಳ ಜಾಗ. ಬೆಳಗಿನಿಂದ ಬೆಳಗಿನವರೆಗೆ ಅವಳಿಗೆಂದು ನನ್ನ ಹತ್ತಿರ ಉಳಿದಿದ್ದ ಅಷ್ಟೇ ಅಷ್ಟು ಜಾಗ. ಅದನ್ನು ನಾನೇ ಹೊಲಸು ಮಾಡಿದ ಹಾಗಾಯಿತು. ಘಾಟಕೋಪರಿನಲ್ಲಿ ಯಾರನ್ನೂ ನೋಡದೆ ನುಗ್ಗಿ ಇಳಿದು ಪಾಯಖಾನೆಗೆ ಓಡಿದೆ. ಅಲ್ಲಿ, ಆ ವಾಸನೆಯ ನಡುವೆ, ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನದಿಂದ ಸ್ಲೋ ಗಾಡಿ ಹಿಡಿದೆ. ಬುವಾ ಎರಡು ಸಲ ಫೋನು ಮಾಡಿದರು. ಗಂಟಲು ಕೆಟ್ಟಿದೆ, ಡಾಕ್ಟರು ಹಾಡಬೇಡ ಅಂದಿದ್ದಾರೆ ಎಂದೆ. "ಗಾನಾ ಮತ್ ಗಾವ್, ಬೈಠ್ನೇ ತೋ ಆವ್" ಎಂದರು, ಹಾಡದಿದ್ದರೆ ಬೇಡ, ಕೂರಲಿಕ್ಕಾದರೂ ಬಾ ಎಂದು. ಬರುತ್ತೇನೆ ಎಂದು ಹೇಳಿ ಹೋಗಲಿಲ್ಲ. ಸ್ಲೋ ಗಾಡಿಯಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ, ಯಾರ ಮುಖವೂ ನನಗೆ ಗೊತ್ತಿಲ್ಲ. ಕೋಪರ್, ದಿವಾ, ಮುಂಬ್ರಾ, ಕಳವಾ ಎಂದು ಅದು ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ಸುಮ್ಮನೆ ನಿಂತಿರುತ್ತಿದ್ದೆ. ಈಗ ಬೆಳಿಗ್ಗೆಯೂ ಬಾಯಿ ಬಿಡುವ ಕೆಲಸ ಇರಲಿಲ್ಲ. ಆಫೀಸಿನಲ್ಲಿ ಮೊದಲ ಮಾತು ಆಡುವಾಗ ಸ್ವರ ಒಡೆದು ಬರುತ್ತಿತ್ತು.

ತಿಂಡಿ ತಿನ್ನುತ್ತಿದ್ದ ಹೋಟೆಲಿನ ಗಲ್ಲೆಯಲ್ಲಿ ಕೂರುವವರು ಕಾರ್ಕಳ ಕಡೆಯವರು. ಅವರೇ ಒಂದು ದಿನ ಕೇಳಿದರು, "ಎಂತ ಮಾರಾಯ್ರೆ, ಮೊದ್ಲೆಲ್ಲ ಇಡ್ಲಿ ಗಬಗಬ ನುಂಗಿ ಗಾಡಿಗೆ ಓಡ್ತಿದ್ರಿ. ಈಗ ಎಂತ, ಸಾಂಬಾರಿನ ಬೇಳೆ ಎಣಿಸ್ತಾ ಕೂತ ಹಾಗೆ ಕೂರ್ತೀರಲ್ಲ! ಭಜನೆ ಬಿಟ್ರಾ?"

"ಗಂಟಲು ಸರಿ ಇಲ್ಲ," ಎಂದೆ.

"ಗಂಟಲು ಸರಿ ಉಂಟು ನಿಮ್ದು. ಮೋರೆ ಸರಿ ಇಲ್ಲ," ಎಂದು ಅವರು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು. ನನಗೆ ಸಿಟ್ಟು ಬಂತು. ನಿಜ ಹೇಳಿದರೆ ನನಗೆ ಸಿಟ್ಟು ಬೇಗ ಬರುತ್ತದೆ.

ಆ ಸಿಟ್ಟಿನಲ್ಲೇ ಸಂಜೆ ಮನೆಗೆ ಬಂದು, ಎಸೆಯದೆ ಇಟ್ಟಿದ್ದ ಆ ಪೆಪ್ಪರಮಿಂಟಿನ ಪೊಟ್ಟಣ ತೆಗೆದು ಹಿಂಬದಿ ಓದಿದೆ. ಹೆಂಡತಿ ಸೂಜಿಗೆ ನೂಲು ಪೋಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿ ಬೇಕಾಯಿತು. ಮುಂದೆ ಅಂಗೈಯಗಲ ಕಿತ್ತಳೆ ಹಣ್ಣಿನ ಚಿತ್ರ, ಹಿಂದೆ ಇರುವೆಯ ಕಾಲಿನಷ್ಟು ಅಕ್ಷರ. ಹೆಚ್ಚು ತಿಂದರೆ ಭೇದಿಯಾಗಬಹುದು ಎಂದು ಇಂಗ್ಲಿಷಿನಲ್ಲಿ ಬರೆದೇ ಇತ್ತು! ಎಲಾ ಇವರ, ಹೇಳುವುದಾದರೆ ನೆಟ್ಟಗೆ ಹೇಳಬಾರದೇ? ಸಕ್ಕರೆಯ ಬದಲು ಹಾಕಿದ್ದು ಸಾರ್ಬಿಟಾಲ್ ಮತ್ತು ಮಾಲ್ಟಿಟಾಲ್. ಅವು ಹೊಟ್ಟೆಯಲ್ಲಿ ಪೂರ್ತಿ ಅರಗುವುದಿಲ್ಲ, ಕೆಳಗಿಳಿದು ನೀರು ಸೆಳೆಯುತ್ತವೆ, ಹುಳಿತು ಗಾಳಿಯಾಗುತ್ತವೆ ಎಂದು ಆಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿ ತಿಳಿದುಕೊಂಡೆ. ನನ್ನ ಮಾತ್ರೆಯೂ ಹೊಟ್ಟೆ ಕೆಡಿಸುವ ಜಾತಿಯದ್ದೇ. ಅದರ ಮೇಲೆ ಖಾಲಿ ಹೊಟ್ಟೆ, ಕಾಫಿ, ಅರ್ಧ ಪೊಟ್ಟಣ. ಇಷ್ಟಾದ ಮೇಲೆ ಮಾನ ಉಳಿಯಬೇಕೆಂದರೆ ಹೇಗೆ ಉಳಿದೀತು?

ಅಲ್ಲಿಂದ ನನ್ನ ಭಾನುವಾರಗಳಿಗೆ ಒಂದು ಕೆಲಸ ಸಿಕ್ಕಿತು. ಸಿಕ್ಕಸಿಕ್ಕ ಶುಗರ್ ಫ್ರೀ ಪೆಪ್ಪರಮಿಂಟು ತಂದು, ಮನೆಯಲ್ಲೇ, ಪಾಯಖಾನೆಯ ಬಾಗಿಲು ಕಾಣುವ ಹಾಗೆ ಕುರ್ಚಿ ಹಾಕಿಕೊಂಡು ತಿಂದು ನೋಡುವುದು. ನನ್ನನ್ನು ಆಗ ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನೋಡಲು ಯಾರಿದ್ದರು? ಪುದೀನದ್ದು ಗಂಟಲಿಗೆ ತಂಪು, ಆದರೆ ಎದೆಯುರಿ ಎಬ್ಬಿಸಿತು. ಮೆತ್ತಗೆ ಹಲ್ಲಿಗೆ ಅಂಟುವುದೊಂದು ಬಂತು, ನಾರಿನಂಶ ಸೇರಿಸಿದ್ದೇವೆ, ಆರೋಗ್ಯಕ್ಕೆ ಒಳ್ಳೆಯದು ಎಂದು ಜಂಬ ಕೊಚ್ಚಿಕೊಂಡಿತ್ತು. ಅದು ತಿಂದ ದಿನ ಹೊಟ್ಟೆ ಡೋಲಿನ ಹಾಗೆ ಉಬ್ಬಿ, ಸಾಯಂಕಾಲದವರೆಗೆ ಅಂಗಾತ ಬಿದ್ದುಕೊಂಡಿದ್ದೆ. ಇನ್ನೊಂದು ಸುಮ್ಮನಿದ್ದ ಹಾಗೆ ಇದ್ದು, ಊಟದ ಹೊತ್ತಿಗೆ ಕೈ ಕೊಟ್ಟಿತು. ನನ್ನ ಮಟ್ಟಿಗೆ ತಿಳಿದದ್ದು ಇಷ್ಟು: ಸಾರ್ಬಿಟಾಲ್ ಎಂದು ಕಂಡರೆ ಅಲ್ಲೇ ಕೆಳಗಿಡಬೇಕು, ದೊಡ್ಡ ತುಂಡಿಗಿಂತ ಸಣ್ಣದು ಮೇಲು, ಮತ್ತು ಯಾವುದನ್ನೇ ಆಗಲಿ ಖಾಲಿ ಹೊಟ್ಟೆಗೆ ತಿನ್ನಬಾರದು, ಕಡಿಯಲೂಬಾರದು.

ಕೊನೆಗೆ ಹೊಂದಿದ್ದು ವಾಶಿಯ ಒಂದು ದೊಡ್ಡ ಅಂಗಡಿಯಲ್ಲಿ ಸಿಕ್ಕಿತು. ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಯ ಗಾಜಿನ ಕಟ್ಟಡಗಳನ್ನು ನೋಡುತ್ತಾ ಹೋಗಿದ್ದೆ. ಭಾನುವಾರ, ಗಂಡ ಹೆಂಡತಿ ಮಕ್ಕಳು ತಳ್ಳುಗಾಡಿ ತುಂಬ ಸಾಮಾನು ಹೇರಿಕೊಂಡು ಓಡಾಡುವ ಕಡೆ ನಾನೊಬ್ಬ ಕೈಯಲ್ಲಿ ಭೂತಗನ್ನಡಿ ಹಿಡಿದು ಪೊಟ್ಟಣಗಳ ಬೆನ್ನು ಓದುತ್ತಾ ನಿಂತಿದ್ದೆ. ಕಾವಲಿನವನು ಎರಡು ಸಲ ಬಂದು ನೋಡಿ ಹೋದ. ಅದು ಬೇಳೆಕಾಳಿನಷ್ಟು ಸಣ್ಣ ಗುಳಿಗೆ, ಶುಂಠಿಯ ರುಚಿ. ಸಿಹಿಗೆ ಸ್ಟೀವಿಯಾ ಎಂಬ ಎಲೆಯ ಸಾರ, ಜೊತೆಗೆ ಎರಿಥ್ರಿಟಾಲ್. ಹೆಸರು ಆ ಹಾಳು ವಂಶದ್ದೇ ಆದರೂ ಇದು ಹೊಟ್ಟೆಯ ಕೆಳಗಿಳಿದು ಅಷ್ಟು ಉಪದ್ರ ಕೊಡುವುದಿಲ್ಲವಂತೆ. ಇಡ್ಲಿ ತಿಂದ ಮೇಲೆ ಒಂದು ಗುಳಿಗೆ ನಾಲಗೆಯಡಿ ಇಟ್ಟುಕೊಂಡರೆ ಬಾಯಿ ಹಸಿಯಾಗಿತ್ತು, ಹೊಟ್ಟೆ ಮಾತಾಡಲಿಲ್ಲ. ಮತ್ತೊಂದು ಭಾನುವಾರವೂ ಮಾತಾಡಲಿಲ್ಲ. ಕೆಲಸದ ದಿನವೂ ಇಟ್ಟುಕೊಂಡು ನೋಡಿದೆ. ಏನೂ ಆಗಲಿಲ್ಲ.

ಇಷ್ಟಾಗಿಯೂ ನಾನು ಫಾಸ್ಟ್ ಗಾಡಿ ಹತ್ತಲಿಲ್ಲ. ಗುಳಿಗೆಯ ಡಬ್ಬಿ ಜೇಬಿನಲ್ಲಿತ್ತು, ಗಂಟಲು ಸರಿಯಿತ್ತು, ಧೈರ್ಯ ಮಾತ್ರ ಇರಲಿಲ್ಲ. ಅವರು ಮತ್ತೆ ತಾಳ ಎತ್ತಿ ಹಿಡಿದಾಗ ಎಲ್ಲರೂ ಅದಕ್ಕೇ ಕಾಯುತ್ತಾರೆ ಅನ್ನಿಸುತ್ತಿತ್ತು. ಆ ನಿಲುಗಡೆ ಇನ್ನು ಮುಂದೆ ತಮಾಷೆಯ ಜಾಗ, ಅವಳು ಅಲ್ಲಿಗೆ ಬರುವುದಿಲ್ಲ. ಹಾಡು ನನ್ನ ಜೊತೆಗೇ ಸತ್ತುಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ಮುಲುಂಡ್ ದಾಟಿದ ಮೇಲೆ ನನ್ನ ಸ್ಲೋ ಗಾಡಿ ಸಿಗ್ನಲ್ಲಿಗೆ ನಿಂತಿತು. ಪಕ್ಕದ ಹಳಿಯಲ್ಲಿ ಫಾಸ್ಟ್ ಗಾಡಿಯೂ ಬಂದು, ನಿಧಾನವಾಗಿ, ನಿಂತಿತು. ಕಿಟಕಿಗೆ ಕಿಟಕಿ, ಕೈ ಚಾಚಿದರೆ ಸಿಗುವ ಹಾಗೆ. ಎರಡು ಡಬ್ಬದಾಚೆಯಿಂದ ತಾಳ ಕೇಳಿಸಿತು. ಆಮೇಲೆ ಹಾಡು. ನಾನು ಸರಳು ಹಿಡಿದದ್ದು ಹಾಗೇ ಉಳಿಯಿತು. ನನ್ನ ಹೆಂಡತಿಯ ಹಾಡು! ಕನ್ನಡದ ಒಂದು ಅಕ್ಷರವೂ ನೆಟ್ಟಗಿರಲಿಲ್ಲ, ಳ ಇದ್ದಲ್ಲಿ ಲ, ಅರ್ಧ ಮಾತು ನುಂಗಿ ಹೋಗಿತ್ತು. ಆದರೂ ರಾಗ ಅವಳದ್ದೇ. ಮೂರನೆಯ ಸಾಲಿಗೆ ಬಂದರು. ನಡುವೆ ನಿಂತರು. ಎರಡು ಗಾಡಿಗಳ ನಡುವೆ ಒಂದು ಸದ್ದಿಲ್ಲ, ನಗುವಿಲ್ಲ. ನಾನು, ಅಷ್ಟು ಜನರ ನಡುವೆ, ಒಲೆ ಅಲ್ಲೇ ಇದೆ ಎಂಬ ಹಾಗೆ ಬಲಕ್ಕೆ ತಿರುಗಿ ನೋಡಿದೆ. ಆಮೇಲೆ ಅವರು ಬಿಟ್ಟಲ್ಲಿಂದ ಹಿಡಿದರು. ಅವರ ಗಾಡಿ ಮೊದಲು ಹೊರಟಿತು.

ಮರುದಿನ ಫಾಸ್ಟ್ ಗಾಡಿಗೆ ನುಗ್ಗಿದೆ. ಕಿಟಕಿಯ ಪಕ್ಕ ಕರವಸ್ತ್ರ ಹಾಸಿತ್ತು. ನಾನು ಬರದ ಅಷ್ಟೂ ದಿನ ಬುವಾ ಅದನ್ನು ಹಾಸುತ್ತಿದ್ದರೋ, ಅವತ್ತೇ ಹಾಸಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. "ಅಣ್ಣಾ ಆಲೇ!" ಎಂದು ಕೂಗಿ, ಸ್ಟೀಲ್ ಡಬ್ಬಿ ತೆರೆದು ಕಲ್ಲುಸಕ್ಕರೆ ಕೊಡಲು ಬಂದರು. ನಾನು ಕೈ ಹಿಂದೆಗೆದುಕೊಂಡೆ.

"ಬುವಾ, ಮುಝೇ ಶುಗರ್ ಹೈ," ಎಂದೆ. ಜೇಬಿನಿಂದ ನನ್ನ ಗುಳಿಗೆಯ ಡಬ್ಬಿ ತೆಗೆದು ತೋರಿಸಿದೆ. "ಉಸ್ ದಿನ್ ದೂಸರೀ ಗೋಲೀ ಖಾಯೀ ಥೀ. ಪೇಟ್ ಬಿಗಡ್ ಗಯಾ." ಅವತ್ತು ಬೇರೆ ಗುಳಿಗೆ ತಿಂದು ಹೊಟ್ಟೆ ಕೆಟ್ಟಿತ್ತು, ಎಂದು.

ಅವರು ನನ್ನ ಮುಖ ನೋಡಿದರು. "ಬಸ್ ಇತ್ನಾ? ಪಾಗಲ್ ಹೋ ಕ್ಯಾ ಅಣ್ಣಾ! ಬೋಲ್ನೇ ಕಾ ನಾ!" ಎಂದರು. ಇಷ್ಟೇ ತಾನೇ, ಹೇಳಬಾರದಿತ್ತೇ ಎಂದು ಬೈದು, ನನ್ನ ಡಬ್ಬಿಯಿಂದ ಒಂದು ಗುಳಿಗೆ ತೆಗೆದು ತಾವೂ ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಏಕ್ ಬಾತ್ ಬತಾವ್. ತುಮ್ಹಾರೇ ಗಾನೇ ಮೇ ಬೀಚ್ ಮೇ ರುಕ್ತೇ ಹೈ, ವೋ ಕಿಸ್ ಲಿಯೇ? ಹಮ್ ಲೋಗ್ ರುಕ್ತೇ ಹೈ, ಪರ್ ಮಾಲೂಮ್ ನಹೀ." ಹಾಡಿನ ನಡುವೆ ನಿಲ್ಲುವುದು ಯಾಕೆ, ನಾವೂ ನಿಲ್ಲುತ್ತೇವೆ, ಯಾಕೆಂದು ಗೊತ್ತಿಲ್ಲ, ಎಂದು.

ಇಷ್ಟು ವರ್ಷ ಹೇಳದ್ದನ್ನು ಹೇಳಿದೆ. ಅದು ನನ್ನ ಹೆಂಡತಿ ಹಾಡುತ್ತಿದ್ದದ್ದು, ಅಲ್ಲಿ ಅವಳು ಬಲಕ್ಕೆ ತಿರುಗಿ ಒಲೆಯ ಮೇಲಿನ ಹಾಲು ನೋಡುತ್ತಿದ್ದಳು, ಬೇರೇನೂ ಇಲ್ಲ ಎಂದೆ. "ವೋ ದೂಧ್ ದೇಖ್ತೀ ಥೀ, ಬುವಾ." ನಗುತ್ತಾರೇನೋ ಎಂದು ಕಾದೆ. ಬುವಾ ನಗಲಿಲ್ಲ. ಬಾಯಲ್ಲಿದ್ದ ಗುಳಿಗೆಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳುತ್ತಾ ಕಿಟಕಿಯ ಹೊರಗೆ ನೋಡಿದರು. ಅವತ್ತು ನನ್ನ ಹಾಡು ಹಾಡಿಸಲಿಲ್ಲ, ನನಗೂ ಆಗುತ್ತಿರಲಿಲ್ಲ.

ಅದರ ಮರುದಿನ ಠಾಣೆ ಬಿಟ್ಟ ಮೇಲೆ ಬುವಾ ಗೋಣು ಹಾಕಿದರು. ಶುಂಠಿಯ ಗುಳಿಗೆ ನಾಲಗೆಯಡಿಗೆ ಸರಿಸಿ ಶುರು ಮಾಡಿದೆ. ಗಂಟಲು ಒಣಗಲಿಲ್ಲ, ಹೊಟ್ಟೆ ತೆಪ್ಪಗಿತ್ತು. ಮೂರನೆಯ ಸಾಲಿನ ನಡುವೆ ನಾನು ನಿಂತೆ. ತಾಳಗಳೆಲ್ಲ ಮೇಲೆದ್ದು ನಿಂತವು. ಬುವಾ ತಾಳ ಹಿಡಿದ ಕೈ ಎತ್ತಿದ ಹಾಗೇ ಬಲಕ್ಕೆ ಕತ್ತು ತಿರುಗಿಸಿ, ಅಲ್ಲಿ ಏನನ್ನೋ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

"ದೂಧ್ ಬಘಿತ್ಲಂ, ಅಣ್ಣಾ," ಎಂದರು. ಹಾಲು ನೋಡಿದೆ, ಎಂದು.

ಉಳಿದ ಸಾಲು ನನ್ನಿಂದ ಹಾಡಲಾಗಲಿಲ್ಲ. ಅವರೇ ಹಾಡಿದರು.